ಹನ್ನೊಂದನೆಯ ತಿರುವು

ಮುರಿದ ಎಲುಬು ಪಾಂಡುರಂಗ ಮಾಸ್ತರರದು. ಆ ವಿಷಯದಲ್ಲಿ ಯಾರಿಗೂ ಅನುಮಾನ ಬೇಡ. ಆರು ವರ್ಷದ ಹಿಂದೆ ಮುದ್ದೇಬಿಹಾಳದ ಆಚೆಗಿನ ಕಲ್ಲುಗುಡ್ಡದಲ್ಲಿ, ಕುರಿ ಕಾಯುವವರು ಹುಲಿಬಂಡೆ ಎಂದು ಕರೆಯುವ ಇಳಿಜಾರಿನಲ್ಲಿ, ಅವರು ಗೇರ್ ಸೈಕಲ್ಲಿನಿಂದ ಹಾರಿ ಬಿದ್ದು ಎಡಗಡೆಯ ಹೆಗಲಿನ ಎಲುಬು ಮುರಿದುಕೊಂಡಿದ್ದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡು ಆರು ವಾರ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದ್ದರು. ಎಕ್ಸ್‌ರೇ ಇತ್ತು, ಡಾಕ್ಟರರ ಚೀಟಿ ಇತ್ತು, ಹೆಂಡತಿ ವರದಾಳ ಬೈಗುಳ ಇತ್ತು. ಇಷ್ಟೆಲ್ಲ ಇದ್ದೂ ಈಗ ಆ ಎಲುಬು ಸಂಗಮೇಶನದಾಗಿತ್ತು.

ಕಳುವಾದದ್ದು ಎಲುಬೊಂದೇ ಅಲ್ಲ. ಹನ್ನೆರಡು ವರ್ಷಗಳಿಂದ ಮಾಸ್ತರರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಬಂಡಿಜಾಡು, ಹಳ್ಳದ ದಂಡೆ, ಕಲ್ಲುಗುಡ್ಡ ಒಂದನ್ನೂ ಬಿಡದೆ ತುಳಿದು, ಸೈಕಲ್ ಸವಾರರಿಗೆಂದು ನಲವತ್ತೊಂದು ಗೈಡ್‌ಗಳನ್ನು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಯಾರು ಬೇಕಾದರೂ ಪುಕ್ಕಟೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದು ಫೈಲು, ಅದನ್ನು ಮೊಬೈಲಿಗೆ ಹಾಕಿಕೊಂಡರೆ ಪರದೆಯ ಮೇಲೆ ಹಾದಿಯ ಗೆರೆ ಮೂಡುತ್ತದೆ. ಜೊತೆಗೆ ಹತ್ತಾರು ಪುಟ. ಪ್ರತಿ ತಿರುವಿಗೂ ಒಂದು ಫೋಟೋ, ಎಡಕ್ಕೋ ಬಲಕ್ಕೋ, ನೀರು ಎಲ್ಲಿ ಸಿಗುತ್ತದೆ, ಯಾರ ಮನೆಯ ನಾಯಿ ಬೆನ್ನು ಹತ್ತುತ್ತದೆ. ಪ್ರತಿ ಫೋಟೋದ ಮೂಲೆಯಲ್ಲಿ ವಾರ, ತಾರೀಖು, ವೇಳೆ. ಅದು ಮಾಸ್ತರರ ನೇಮ. ಇವತ್ತು ಇದ್ದ ಬೇವಿನ ಮರ ಮುಂದಿನ ವರ್ಷ ಇರಲಿಕ್ಕಿಲ್ಲ, ಸಂತೆಯ ದಿನದ ಗದ್ದಲ ಮರುದಿನ ಇರುವುದಿಲ್ಲ. ಯಾವಾಗ ನೋಡಿದ್ದು ಎಂದು ಹೇಳದ ಗೈಡು ಸುಳ್ಳು ಹೇಳಿದಂತೆಯೇ ಎಂದು ಅವರು ನಂಬಿದ್ದರು. ಹನ್ನೆರಡು ವರ್ಷದಲ್ಲಿ ಅವರ ಗೈಡಿನ ಒಂದು ತಿರುವೂ ತಪ್ಪೆಂದು ಯಾರೂ ಹೇಳಿರಲಿಲ್ಲ. ಹಾಗೆ ನೋಡಿದರೆ, ಯಾರೂ ಏನೂ ಹೇಳಿರಲಿಲ್ಲ.

ಕೈ ಕೆಸರಾದದ್ದು ಅವರದು, ಮೊಸರು ಬಿದ್ದದ್ದು ಸಂಗಮೇಶನ ಬಾಯಿಗೆ. ಮುದ್ದೇಬಿಹಾಳದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಈ ಸಂಗಮೇಶ ಒಂದು ಕಾಲಕ್ಕೆ ಮಾಸ್ತರರ ಸೈಕಲ್ ಚೈನಿಗೆ ಎಣ್ಣೆ ಹಾಕುತ್ತ 'ಗುರುಗಳ' ಎನ್ನುತ್ತಿದ್ದವನು. ನಲವತ್ತೊಂದು ಗೈಡನ್ನೂ ಇಳಿಸಿಕೊಂಡು, ಮಾಸ್ತರರ ಹೆಸರು ಅಳಿಸಿ, ತನ್ನ ಹೆಸರು ಬರೆದು, ಮುಖಪುಟಕ್ಕೆ ಕಪ್ಪು ಕನ್ನಡಕದ ತನ್ನ ಮುಖ ಅಂಟಿಸಿದ. ಒಳಗಿನ ಒಂದು ಮಾತನ್ನೂ ತಿದ್ದುವ ಶ್ರಮ ತೆಗೆದುಕೊಳ್ಳಲಿಲ್ಲ. ಹುಲಿಬಂಡೆಯ ಪುಟದಲ್ಲಿ 'ಇಲ್ಲಿ ನಾನು ಬಿದ್ದು ಹೆಗಲಿನ ಎಲುಬು ಮುರಿದುಕೊಂಡೆ, ಜೋಕೆ' ಎಂದು ಇದ್ದದ್ದೂ ಹಾಗೆಯೇ ಉಳಿಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ವಿಜಯಪುರದ ಸಮಾರಂಭವೊಂದರಲ್ಲಿ ಅವನಿಗೆ ಶಾಲು ಹೊದಿಸಿದವರು ಆ ಬಿದ್ದ ಕತೆಯನ್ನು ಹೇಳಿಸಿದರು.

"ಅವತ್ತ ಸತ್ತೇ ಹೋದ್ನಿ ಅಂತ ಮಾಡಿದ್ನಿ ನೋಡ್ರಿ," ಎಂದು ಸಂಗಮೇಶ ಹೆಗಲು ನೀವಿಕೊಂಡ. ಮೂರನೆಯ ಸಾಲಿನಲ್ಲಿ ಕೂತಿದ್ದ ಮಾಸ್ತರರು ಕಣ್ಣು ಕಿರಿದು ಮಾಡಿ ನೋಡಿದರು. ಅವನು ನೀವಿಕೊಂಡದ್ದು ಬಲಗಡೆಯ ಹೆಗಲನ್ನು.

ಸಮಾರಂಭ ಮುಗಿದ ಮೇಲೆ ಚಹಾದ ಟೇಬಲ್ಲಿನ ಹತ್ತಿರ ಅವರು ಅವನನ್ನು ತಡೆದು ನಿಲ್ಲಿಸಿದರು. ಸಂಗಮೇಶನಿಗೆ ನಾಚಿಕೆಯೇನೂ ಆಗಲಿಲ್ಲ.

"ಹಾದಿ ಯಾರಪ್ಪನ ಆಸ್ತಿನೂ ಅಲ್ರಿ ಗುರುಗಳ. ನೀವು ಪುಕ್ಕಟ ಇಟ್ಟಿದ್ರಿ, ನಾ ತಗೊಂಡ್ನಿ."

"ಎಲುಬನೂ ಪುಕ್ಕಟ ಇಟ್ಟಿದ್ನೇನೋ?"

"ಒಂದ ಎಲುಬಿಗಿ ಇಷ್ಟ್ಯಾಕ ಸಿಟ್ಟರಿ? ಕೂಡೇತಲ್ಲ ಈಗ."

ಸುತ್ತ ನಿಂತವರು ನಕ್ಕರು. ಆ ನಗೆ ಮಾಸ್ತರರ ಎದೆಯಲ್ಲಿ ಕೂತುಬಿಟ್ಟಿತು. ಸಿಟ್ಟು ಬಂದಾಗ ಅವರು ಕೂಗಾಡುವವರಲ್ಲ, ನಕ್ಷೆ ಬಿಡಿಸುವವರು. ಬಾಗೇವಾಡಿಗೆ ಮರಳುವ ಬಸ್ಸಿನ ಕಿಟಕಿಯ ಬದಿಯಲ್ಲಿ ಕೂತು ಅವರು ಒಂದು ಸಣ್ಣ ಸಂಗತಿಯನ್ನು ಕಂಡುಕೊಂಡರು. ಹುಲಿಬಂಡೆಯಲ್ಲಿ ಸಂಗಮೇಶ ಒಮ್ಮೆ ಬಿದ್ದಿದ್ದಾನೆಂದು ಜಗತ್ತೆಲ್ಲ ನಂಬಿದೆ. ಒಮ್ಮೆ ಬಿದ್ದವನು ಅಲ್ಲಿಯೇ ಇನ್ನೊಮ್ಮೆ ಬಿದ್ದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಅವನ ಸುಳ್ಳೇ ಇವರಿಗೆ ದಾರಿ ಮಾಡಿಕೊಟ್ಟಿತ್ತು. ಇವರು ಮಾಡಬೇಕಾದದ್ದು ಆ ಸುಳ್ಳನ್ನು ನಿಜ ಮಾಡುವುದಷ್ಟೇ.

ಮಾಸ್ತರರು ಆಸೆಬುರುಕರಲ್ಲ. ಮೊದಲಿಗೆ ಅವರು ಬಯಸಿದ್ದು ಒಂದೇ ಎಲುಬು, ಅದೂ ಎಡಗಡೆಯದು. ಆದರೆ ಹಾದಿಗೆ ಅಡ್ಡ ಬಿಗಿಯುವ ಹಗ್ಗಕ್ಕೆ ಇಷ್ಟೇ ಮುರಿ ಎಂದು ಹೇಳಿ ಕಳಿಸಲಾಗುವುದಿಲ್ಲ. ಇಳಿಜಾರಿನ ಕೆಳಗಿದ್ದದ್ದು ಹಾಸುಬಂಡೆ. ಅದನ್ನೂ ಯೋಚಿಸಿದರು. ಯೋಚಿಸಿದ ಮೇಲೂ ನಕ್ಷೆ ಮಡಿಚಿಡಲಿಲ್ಲ.

ದಿನ ಆರಿಸುವ ಕೆಲಸ ಸಂಗಮೇಶನೇ ಮಾಡಿಕೊಟ್ಟ. ಸೋಮವಾರ ಅವನ ಅಂಗಡಿಗೆ ರಜೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಹುಲಿಬಂಡೆಯಿಂದ ಬ್ರೇಕ್ ಹಿಡಿಯದೆ ಇಳಿದು ಅದನ್ನು ವಿಡಿಯೋ ಮಾಡಿ ಹಾಕುವುದು ಅವನ ವಾರದ ವ್ರತ. ಮೇ ತಿಂಗಳು, ಶಾಲೆಗೆ ಬೇಸಿಗೆಯ ರಜೆ, ವರದಾ ಇಂಡಿಯ ತವರಿಗೆ ಹೋಗಿದ್ದಳು. ಬಾಗೇವಾಡಿಯಿಂದ ಹುಲಿಬಂಡೆಗೆ ಹೊಲಗಳ ನಡುವೆಯೇ ಒಂದೂಮುಕ್ಕಾಲು ತಾಸಿನಲ್ಲಿ ಸೈಕಲ್ಲಿನಲ್ಲಿ ಮುಟ್ಟಿಸುವ ಒಂದು ಒಳದಾರಿ ಇತ್ತು. ನಲವತ್ತೊಂದು ಗೈಡ್ ಬರೆದವರು ಆ ದಾರಿಯೊಂದನ್ನು ಮಾತ್ರ ಬರೆದಿರಲಿಲ್ಲ. ಸೋಮಾರಿತನದಿಂದ ಬಿಟ್ಟದ್ದು ಈಗ ದೂರದೃಷ್ಟಿಯಂತೆ ಕಂಡಿತು. ತಮ್ಮ ಹಳೆಯ ಟಿಪ್ಪಣಿ ವಹಿಯನ್ನು ತಿರುವಿದಾಗ ಇನ್ನೊಂದು ಅನುಕೂಲವೂ ಸಿಕ್ಕಿತು. ಎಂಟು ವರ್ಷದ ಹಿಂದೆ ತಮ್ಮದೇ ಅಕ್ಷರದಲ್ಲಿ ಬರೆದಿದ್ದರು: 'ಸೋಮವಾರ: ಹೊಲಗಳು ಖಾಲಿ. ಸವಾರಿಗೆ ಉತ್ತಮ.' ಏಕೆ ಖಾಲಿ ಎಂದು ಬರೆದಿರಲಿಲ್ಲ. ಗೈಡಿಗೆ ಅದು ಬೇಕಿರಲಿಲ್ಲ.

ಇನ್ನು ಸಾಕ್ಷಿ. ಆ ಹೊತ್ತಿಗೆ ತಾವು ಬೇರೆ ಕಡೆ ಇದ್ದೆವೆಂದು ಹೇಳಲು ಮಾಸ್ತರರಿಗೆ ಮನುಷ್ಯರ ಮೇಲೆ ನಂಬಿಕೆ ಇರಲಿಲ್ಲ. ಮನುಷ್ಯರು ಮರೆಯುತ್ತಾರೆ, ಮಾತು ತಿರುಗಿಸುತ್ತಾರೆ. ಗೈಡು ತಿರುಗಿಸುವುದಿಲ್ಲ. ನಲವತ್ತೆರಡನೆಯ ಗೈಡು ಬಾಗೇವಾಡಿಯಿಂದ ಮಸೂತಿಯ ಕಡೆಗೆ, ಹುಲಿಬಂಡೆಗೆ ಪೂರಾ ಬೆನ್ನು ಹಾಕಿ ಹೋಗುವ ಹಾದಿಯದು. ಅದನ್ನು ರವಿವಾರ ಬೆಳಿಗ್ಗೆ ಐದರಿಂದ ಒಂಬತ್ತೂವರೆಯವರೆಗೆ ಸುತ್ತಿ, ಫೈಲಿನ ತಾರೀಖನ್ನು ಒಂದು ದಿನ ಮುಂದೆ ತಳ್ಳಿ, ಸೋಮವಾರ ಪ್ರಕಟಿಸುವುದು. ಸವಾರಿಗೆ ಅವರು ಮೊಬೈಲ್ ಒಯ್ಯುವುದಿಲ್ಲ. 'ಮೊಬೈಲ್ ನೋಡುವವನಿಗೆ ಹಾದಿ ಕಾಣುವುದಿಲ್ಲ' ಎಂದು ಪ್ರತಿ ಗೈಡಿನಲ್ಲೂ ಬರೆದವರು. ಅವರ ಹತ್ತಿರ ಇರುವುದು ಅಂಗೈಯಗಲದ ಜಿಪಿಎಸ್ ಉಪಕರಣ, ಒಂದು ಹಳೆಯ ಕ್ಯಾಮೆರಾ. ಪ್ರತಿ ಸವಾರಿಯ ನಂತರ ಎರಡರ ನೆನಪನ್ನೂ ಅಳಿಸುವುದು ಅವರ ಹಳೆಯ ರೂಢಿ. ಹೊಸದಾಗಿ ಕಲಿಯಬೇಕಾದ ಅಪರಾಧ ಯಾವುದೂ ಇರಲಿಲ್ಲ.

ಮೊದಲ ರವಿವಾರ ಸುತ್ತಿ ಬಂದ ಸಂಜೆ ಮಳೆ ಬಿತ್ತು. ಎರೆಮಣ್ಣು ಹಿಟ್ಟು ಕಲಸಿದಂತಾಯಿತು. ಒಣ ಹೊಲದ ಫೋಟೋಗಳ ಮೇಲೆ ಸೋಮವಾರದ ತಾರೀಖು ಹಾಕಿದರೆ ಯಾವ ದಡ್ಡನಾದರೂ ಹಿಡಿಯುತ್ತಾನೆ. ಮಾಸ್ತರರು ಎಲ್ಲವನ್ನೂ ಅಳಿಸಿ, ಒಂದು ವಾರ ತಡೆದರು. ಅವಸರ ಅವರ ಗುಣವಲ್ಲ. ಎರಡನೆಯ ವಾರ ಮೋಡದ ಸುಳಿವಿರಲಿಲ್ಲ. ರವಿವಾರ ಸುತ್ತಿ ಬಂದು, ಬಾಗಿಲು ಹಾಕಿಕೊಂಡು, ಮೂವತ್ತು ಫೋಟೋಗಳನ್ನು ಒಂದೊಂದಾಗಿ ಪರೀಕ್ಷಿಸಿದರು, ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ನೋಡಿದಂತೆ. ಗ್ರಾಮ ಪಂಚಾಯ್ತಿ ಕಚೇರಿಯ ಬಾಗಿಲಿಗೆ ಬೀಗ ಕಾಣುತ್ತಿತ್ತು, ರವಿವಾರದ ಗುರುತು, ತೆಗೆದರು. ಬ್ಯಾಂಕಿನ ಮುಂದೆ ನಾಯಿಯೊಂದು ನಿಶ್ಚಿಂತೆಯಿಂದ ಮಲಗಿತ್ತು, ಸೋಮವಾರ ಆ ಬಾಗಿಲಲ್ಲಿ ಅಷ್ಟು ನಿಶ್ಚಿಂತೆ ಇರುವುದಿಲ್ಲ, ತೆಗೆದರು.

ಹನ್ನೊಂದನೆಯ ತಿರುವಿನ ಫೋಟೋ ಬಂದಾಗ ಕೈ ನಿಂತಿತು. ಎರಡನೆಯ ಬೇವಿನ ಮರ, ಅದರಾಚೆ ಕಪ್ಪು ಹೊಲ, ಹೊಲದಲ್ಲಿ ಬೆನ್ನು ತಿರುಗಿಸಿ ಕುಂಟೆ ಹೊಡೆಯುತ್ತಿದ್ದ ರೈತ, ಅವನ ಮುಂದೆ ಎರಡು ಬಿಳಿಯ ಎತ್ತು. ಒಂದರ ಕೋಡು ಅರ್ಧಕ್ಕೆ ಮುರಿದಿತ್ತು. ಬೆಳಗಿನ ಬಿಸಿಲು ಧೂಳಿನ ಮೇಲೆ ಬಿದ್ದ ಪರಿ ನೋಡಿ ಮಾಸ್ತರರಿಗೆ ತಮ್ಮ ಮೇಲೆಯೇ ಪ್ರೀತಿ ಬಂತು. ಹನ್ನೆರಡು ವರ್ಷದಲ್ಲಿ ಇಷ್ಟು ಚೆಂದದ ಫೋಟೋ ತೆಗೆದಿರಲಿಲ್ಲ. ರೈತ ತಮ್ಮನ್ನು ನೋಡಿರಲಿಲ್ಲ. ಅಲ್ಲದೆ ಬರೀ ಕಲ್ಲು ಮರಗಳ ಫೋಟೋ ಯಾವತ್ತಿನದೂ ಆಗಬಹುದು. ಕೆಲಸ ಮಾಡುತ್ತಿರುವ ಜೀವ ಇದ್ದರೆ ಅವತ್ತಿನದೇ ಎಂದು ನಂಬಿಕೆ ಹುಟ್ಟುತ್ತದೆ. ರವಿವಾರದ ಗುರುತು ಏನಾದರೂ ಇದೆಯೇ ಎಂದು ಮತ್ತೊಮ್ಮೆ ಹುಡುಕಿದರು. ಎತ್ತಿಗೇನು ರವಿವಾರದ ರಜೆಯೇ ಎಂದು ತಮ್ಮಷ್ಟಕ್ಕೆ ನಕ್ಕು, ಮೂಲೆಯಲ್ಲಿ ಬರೆದರು: ಸೋಮವಾರ, ಬೆಳಿಗ್ಗೆ 7.10.

ಸೋಮವಾರ ಐದಕ್ಕೆ ಹಿಂದಿನ ದಿನದ ಅಂಗಿಯನ್ನೇ ತೊಟ್ಟು ಹೊರಟರು. ಅಂಗಳ ಗುಡಿಸುತ್ತಿದ್ದ ಎದುರುಮನೆಯ ವಿದ್ಯಾವತಿ ಕೇಳಿದಳು.

"ಇವತ್ತೂ ಹೊಂಟ್ರೇನ್ರಿ ಸರ್?"

"ಮಸೂತಿ ಕಡೆ ಹೋಗಿ ಬರ್ತೇನಿ," ಎಂದರು. ಒಳದಾರಿಯುದ್ದಕ್ಕೂ ಟಿಪ್ಪಣಿ ವಹಿ ಹೇಳಿದಂತೆಯೇ ಹೊಲಗಳು ಖಾಲಿ ಇದ್ದವು. ಒಂದು ನರಪಿಳ್ಳೆಯೂ ಎದುರಾಗಲಿಲ್ಲ. ತಮ್ಮ ಟಿಪ್ಪಣಿಯ ನಿಖರತೆಗೆ ಮಾಸ್ತರರು ಮನಸ್ಸಿನಲ್ಲಿಯೇ ಶಹಬ್ಬಾಸ್ ಎಂದುಕೊಂಡರು.

ಹುಲಿಬಂಡೆಯಲ್ಲಿ ಮೇವು ಕಟ್ಟುವ ನೈಲಾನ್ ಹಗ್ಗದ ಒಂದು ತುದಿ ಜಾಲಿಮರಕ್ಕೆ, ಇನ್ನೊಂದು ತುದಿ ಬಂಡೆಯ ಮರೆಯಲ್ಲಿ ಅವರ ಕೈಯಲ್ಲಿ. ಏಳಕ್ಕೆ ಎರಡು ನಿಮಿಷ ಇರುವಾಗ ಮೇಲಿನಿಂದ ಚಕ್ರದ ಸದ್ದು ಕೇಳಿತು. ಹಗ್ಗ ಬಿಗಿಯಾಯಿತು. ಉಳಿದದ್ದು ಇಳಿಜಾರಿನ ಕೆಲಸ. ಸಂಗಮೇಶ ಹಾಸುಬಂಡೆಯ ಮೇಲೆ ಎಡಮಗ್ಗುಲಾಗಿ ಬಿದ್ದ, ಮತ್ತೆ ಅಲುಗಾಡಲಿಲ್ಲ. ವಿಡಿಯೋಕ್ಕೆಂದು ಹ್ಯಾಂಡಲ್ಲಿಗೆ ಕಟ್ಟಿದ್ದ ಅವನ ಮೊಬೈಲು ಬಂಡೆಗೆ ಬಡಿದು ಪುಡಿಯಾಯಿತು. ಮಾಸ್ತರರಿಗೆ ಭಯವಾಯಿತು, ನಾಚಿಕೆಯೂ ಆಯಿತು. ಆದರೆ ಇವೆರಡಕ್ಕೂ ಯೋಜನೆಯಲ್ಲಿ ವೇಳೆ ಇಟ್ಟಿರಲಿಲ್ಲ. ಹಗ್ಗ ಸುತ್ತಿಕೊಂಡು, ಒಂಬತ್ತೂವರೆಗೆ ಮನೆ ಸೇರಿ, ಅದನ್ನು ಬಚ್ಚಲ ಒಲೆಗೆ ಹಾಕಿ, ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಹನ್ನೊಂದಕ್ಕೆ ನಲವತ್ತೆರಡನೆಯ ಗೈಡನ್ನು ಪ್ರಕಟಿಸಿದರು.

ಎರಡು ದಿನ ಎಲ್ಲರೂ ಮಾಸ್ತರರು ಅಂದುಕೊಂಡಂತೆಯೇ ಮಾತಾಡಿದರು. ಮೊದಲೂ ಅಲ್ಲೇ ಬಿದ್ದಿದ್ದನಂತೆ, ಬುದ್ಧಿ ಕಲಿಯಲಿಲ್ಲ ನೋಡಿ, ಎಂದರು. ಮೂರನೆಯ ದಿನ ಪಿಎಸ್‌ಐ ಮೆಹನಾಜ ಮನೆಗೆ ಬಂದರು. ವಿಜಯಪುರ ಶಹರದಲ್ಲಿ ಹುಟ್ಟಿ ಬೆಳೆದ, ಮೂವತ್ತರ ಆಸುಪಾಸಿನ, ಮೆಲುದನಿಯ ಅಧಿಕಾರಿ.

"ಮಾಸ್ತರ, ಸಂಗಮೇಶನ ಹೆಗಲಿಗಿ ಹಳೇ ಪೆಟ್ಟ ಒಂದೂ ಇಲ್ಲಂತ. ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರ್ ಎರಡೂ ಹೆಗಲ ನೋಡ್ಯಾರ. ಹಂಗಾರ ಆರು ವರ್ಷದ ಹಿಂದ ಅಲ್ಲಿ ಬಿದ್ದಾಂವ ಯಾರ್ರಿ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿಯಾರು ಎಂದು ಮಾಸ್ತರರು ಕಾದಿದ್ದರು. ಪೊಲೀಸರು ಕೇಳುತ್ತಾರೆಂದು ಮಾತ್ರ ಅಂದುಕೊಂಡಿರಲಿಲ್ಲ. ಆದರೂ ಹೆಮ್ಮೆ ತಡೆಯಲಾಗಲಿಲ್ಲ.

"ನಾನ್ರಿ ಮೇಡಂ," ಎಂದು ಎಕ್ಸ್‌ರೇ ತಂದು ಬೆಳಕಿಗೆ ಹಿಡಿದರು.

"ಜಾಲಿ ಗಿಡಕ್ಕ ಹಗ್ಗ ತಿಕ್ಕಿದ್ದ ಗುರ್ತ ಐತಿ. ಸೋಮವಾರ ಏಳರ ಸುಮಾರ ನೀವೆಲ್ಲಿದ್ರಿ?"

"ಮಸೂತಿ ಹಾದಿ ಮ್ಯಾಲ. ನಲವತ್ತೆರಡನೇ ಗೈಡ್ ಅದ, ಡೌನ್‌ಲೋಡ್ ಮಾಡ್ಕೊಂಡು ನೋಡ್ರಿ. ಹನ್ನೊಂದನೇ ತಿರುವು."

ಮೆಹನಾಜ ಗೈಡನ್ನು ಇಳಿಸಿಕೊಂಡರು, ಕ್ಯಾಮೆರಾ ಮತ್ತು ಉಪಕರಣವನ್ನು ಒಯ್ದರು, ವಿದ್ಯಾವತಿಯನ್ನು ಕೇಳಿದರು. ಫೈಲನ್ನು ಮೊಬೈಲಿಗೆ ಹಾಕಿಕೊಂಡು ಮೋಟರ್‌ಸೈಕಲ್ಲಿನ ಮೇಲೆ ಆ ಹಾದಿಯನ್ನು ತಾವೇ ಸುತ್ತಿ ಬಂದರು. ಬೇವಿನ ಮರಗಳು ಹೇಳಿದಲ್ಲಿಯೇ ಇದ್ದವು. ನಾಯಿ ಕೂಡ ಹೇಳಿದ ಮನೆಯಿಂದಲೇ ಬೆನ್ನು ಹತ್ತಿತು. ಇಷ್ಟು ಖರೆ ಬರೆಯುವ ಮನುಷ್ಯನನ್ನು ನಾನು ನೋಡಿಲ್ಲ ಎಂದು ಅವರು ಯಾರೊಂದಿಗೋ ಹೇಳಿದ್ದು ಮಾಸ್ತರರ ಕಿವಿಗೂ ಬಿತ್ತು.

ಆಮೇಲೆ ನಡೆದದ್ದು ಯೋಜನೆಯಲ್ಲಿ ಇಲ್ಲದ ಲಾಭ. ಎಲುಬಿನ ಸಂಗತಿ ಪತ್ರಿಕೆಗಳಿಗೆ ಸಿಕ್ಕಿತು. ನಿಜವಾಗಿ ಬಿದ್ದವರು ಮಾಸ್ತರರು, ಹಾದಿಗಳೆಲ್ಲ ಅವರವು ಎಂದು ಬರೆದವು. ಹುಬ್ಬಳ್ಳಿಯಿಂದ, ಸೋಲಾಪುರದಿಂದ ಸವಾರರು ಬಂದರು. ಸಿಂದಗಿಯಲ್ಲಿ, 'ನಮ್ಮ ಮೋರಟಗಿಗೂ ಒಂದು ಗೈಡ್ ಮಾಡಿ' ಎಂದು ಹಾರ ಹಾಕಿದರು. ನಲವತ್ತೆರಡನೆಯ ಗೈಡನ್ನು ಮೂರು ವಾರದಲ್ಲಿ ಒಂಬೈನೂರು ಮಂದಿ ಇಳಿಸಿಕೊಂಡರು. ಅವರೆಲ್ಲ ಹೊಗಳಿದ್ದು ಹನ್ನೊಂದನೆಯ ತಿರುವಿನ ಎತ್ತುಗಳನ್ನು. ಎಷ್ಟೋ ಜನ ಬೇವಿನ ಮರದಡಿ ಸೈಕಲ್ ನಿಲ್ಲಿಸಿ, ಮೊಬೈಲಿನ ಫೋಟೋ ಹಿಡಿದು, ಈ ಎತ್ತು ಯಾರವು ಎಂದು ಊರಲ್ಲಿ ವಿಚಾರಿಸಿ ಹೋಗುತ್ತಿದ್ದರಂತೆ. ಕೇಳಿ ಮಾಸ್ತರರು ಹಿಗ್ಗಿದರು. ಸಂಗಮೇಶನ ನೆನಪಾದಾಗ ಊಟ ಸೇರುತ್ತಿರಲಿಲ್ಲ, ಅದು ನಿಜ. ಆದರೆ ಅಂಥ ದಿನಗಳನ್ನು ಏಕಾದಶಿ ಎಂದುಕೊಳ್ಳುವುದನ್ನು ಕಲಿತರು.

ಜೂನ್ ಮೊದಲ ವಾರ ಮೆಹನಾಜ ಕ್ಯಾಮೆರಾ, ಉಪಕರಣ ಮರಳಿಸಲು ಬಂದರು. ತವರಿನಿಂದ ಮರಳಿದ್ದ ವರದಾ ಅವಲಕ್ಕಿ, ಚಹಾ ತಂದಿಟ್ಟಳು.

"ಇಲ್ಲೊಂದ ಸಹಿ ಮಾಡ್ರಿ ಮಾಸ್ತರ, ನಿಮ್ಮ ಸಾಮಾನ ನಿಮಗ ಮುಟ್ಟಿದ್ದಕ್ಕ. ಇನ್ನ ನಿಮಗ ತ್ರಾಸ ಕೊಡಂಗಿಲ್ಲ," ಎಂದು ಮೆಹನಾಜ ಕಾಗದ ಮುಂದಿಟ್ಟರು. ಮಾಸ್ತರರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ತಲೆಗೆ ಪಟಗ ಸುತ್ತಿದ ರೈತನೊಬ್ಬ, ಅವನ ಹಿಂದೆ ಇಳಕಲ್ ಸೀರೆಯ ಮುದುಕಿಯೊಬ್ಬಳು ಕಾಣಿಸಿಕೊಂಡರು.

"ಪಾಂಡುರಂಗ ಮಾಸ್ತರಂದ್ರ ನೀವೇನ್ರಿ? ನಾ ಮಸೂತಿ ಚಂದಪ್ಪ. ಈಕಿ ನಮ್ಮವ್ವ ಕಸ್ತೂರೆವ್ವ," ಎಂದ ಆ ರೈತ ಅಂಗಿಯೊಳಗಿನಿಂದ ಮಡಿಚಿದ ಹಾಳೆ ತೆಗೆದು ಬಿಡಿಸಿದ. ಹನ್ನೊಂದನೆಯ ತಿರುವು. "ಈ ಎತ್ತು ನಮ್ಮೂವ್ರಿ. ಈ ಅರ್ಧ ಕೋಡಿಂದು ನೋಡಿದ್ರ ನಮ್ಮೂರಾಗ ಕೂಸೂ ಹೇಳ್ತೈತಿ."

ಒಪ್ಪಿಗೆಯಿಲ್ಲದೆ ಫೋಟೋ ತೆಗೆದದ್ದಕ್ಕೆ ಬಂದಿದ್ದಾನೆಂದು ಮಾಸ್ತರರು ತಿಳಿದರು. ದೊಡ್ಡ ಮನುಷ್ಯರಾದ ಮೇಲೆ ಇಂಥವು ಇದ್ದದ್ದೇ. "ಕೇಳದ ತಗದೆ, ತಪ್ಪಾತು. ಬ್ಯಾಡಂದ್ರ ತಗದ ಹಾಕ್ತೇನಿ," ಎಂದರು.

"ಫೋಟೋ ಇರಲಿ ಬಿಡ್ರಿ, ಚಂದ ಬಂದೈತಿ. ಆದ್ರ ನಮ್ಮವ್ವ ಎರಡ ದಿನಾ ಆತು ರೊಟ್ಟಿ ಮುಟ್ಟಿಲ್ಲ. ನಾ ಕಟ್ಟಿ ಮ್ಯಾಲ ಕುಂತ್ರ ಮಂದಿ ಎದ್ದ ಹೊಕ್ಕಾರ."

"ನನ್ನ ಮಗಾ ಅಂಥಾಂವ ಅಲ್ಲೋ ಯಪ್ಪಾ," ಎಂದು ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಜಗತ್ತಿಗೆಲ್ಲಾ ಹಂಗ ಸಾರಿಬಿಟ್ರ ನಾವು ಮುಖಾ ಎಲ್ಲಿ ಇಡೂಣು?"

ಮೆಹನಾಜರಿಗೆ ನಗು ಬಂತು. "ಅಂಥಾದ್ದೇನ ಬರದಾರ ಅಜ್ಜಿ?" ಎಂದು ಚಹಾದ ಕಪ್ಪು ಎತ್ತಿಕೊಂಡರು.

ಚಂದಪ್ಪ ಫೋಟೋದ ಮೂಲೆಯ ಮೇಲೆ ಹೆಬ್ಬೆರಳಿಟ್ಟ. "ಇಲ್ಲಿ ಸೋಮವಾರ ಅಂತ ಹಾಕ್ಯಾರ್ರಿ. ಸೋಮವಾರ ಬಸವಣ್ಣನ ವಾರ. ನಮ್ಮಪ್ಪ, ನಮ್ಮ ಮುತ್ಯಾ, ಯಾರೂ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗಾ ಇಟ್ಟವರಲ್ಲ. ನಮ್ಮ ಕಡೆ ಯಾವ ರೈತನೂ ಇಡಂಗಿಲ್ಲ. ಆ ಹೊಲಾ ನಾ ಹರಗಿದ್ದು ಅದರ ಹಿಂದಿನ ದಿನ, ರವಿವಾರ, ಮಧ್ಯಾಹ್ನಕ್ಕ ಮುಗಿಸೇನಿ. ಊರ ಮಂದಿನೂ ನೋಡೇತಿ, ಆದ್ರ ಮಾಸ್ತರ್ ಬರದದ್ದು ಸುಳ್ಳಾಗೂದಿಲ್ಲ ಅಂತಾರ. ಅದೊಂದ ತಾರೀಖ ತಿದ್ದಿ ಕೊಡ್ರಿ, ಮತ್ತೇನೂ ಕೇಳಂಗಿಲ್ಲ." ಪಾಂಡುರಂಗ ಮಾಸ್ತರರ ಎಡಹೆಗಲು ಆರು ವರ್ಷಗಳ ಮೇಲೆ ಮೊದಲ ಸಲ ನೋಯಿತು. ಮೆಹನಾಜ ಕಪ್ಪನ್ನು ಕೆಳಗಿಟ್ಟರು, ಸಹಿಗೆಂದು ಇಟ್ಟಿದ್ದ ಕಾಗದವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು, ಚಂದಪ್ಪನಿಗೆ ಕುರ್ಚಿ ತೋರಿಸಿದರು. "ಕೂಡ್ರಿ ಕಾಕಾ, ಸಾವಕಾಶ ಹೇಳ್ರಿ," ಎಂದರು. "ತಾರೀಖ ನಾ ತಿದ್ದಿಸಿ ಕೊಡ್ತೇನಿ."